ಗೂಗಿ ಕಾರಿದ ಉಂಡಿ

ಶಹಾಬಾದ
೧೨ ಫೆಬ್ರವರಿ ೨೦೨೫

ನನ್ನ ಸಂಗೂ,

ಮುತ್ಯಾನ ಜೈ ಭೀಮ್. ನೀ ವಾಡಿ ಸ್ಟೇಷನ್ನಿನಾಗ ಪುಣೆ ಗಾಡಿ ಹತ್ತಿ ಇವತ್ತಿಗೆ ಐದು ವಾರ ಆತು. ಮೊನ್ನೆ ನೀ ಫೋನ್ ಮಾಡಿದಾಗ ನಿಮ್ಮ ಆಯಿ ನನ್ನ ಕಿವಿಗೂ ಹಿಡಿದಳು. ನನಗ ಕೇಳಿಸಿದ್ದು ಬರೇ ಗುಂಯ್ ಅನ್ನೋ ಸಪ್ಪಳ. ಮೂವತ್ತೆರಡು ವರ್ಷ ಫರ್ಸಿ ಕಲ್ಲು ಕೊಯ್ಯೋ ಮಷೀನಿನ ಬಾಜೂಕ ನಿಂತ ಕಿವಿ ಇವು. ನೀ ಕಾಗದ ಬರಿ. ಕಾಗದ ಆದ್ರ ಕಣ್ಣಿಂದ ಕೇಳ್ತೀನಿ, ಬೇಕಾದಷ್ಟು ಸಲ ಕೇಳ್ತೀನಿ.

ಕ್ಲಾಸಿನಾಗ ಎಲ್ಲಾರೂ ದೊಡ್ಡ ಡಿಗ್ರಿ ಮಾಡಿದವರು, ಪಾಠ ಅರ್ಧ ಇಂಗ್ಲಿಷಿನಾಗ, ನೀ ಹಿಂದಿನ ಬೆಂಚಿನ ಮ್ಯಾಲ ಮುದುಡಿ ಕುಂದರ್ತಿ ಅಂತ ಆಯಿ ಹೇಳಿದಳು. ಗಾಯಗೊಂಡ ಕಾಡುಪ್ರಾಣಿ ಆರೈಕೆ ಮಾಡಿ ಮತ್ತ ಕಾಡಿಗೆ ಬಿಡೋ ವಿದ್ಯಾ ಕಲೀಲಿಕ್ಕೆ ಹೋದಾಕಿ, ನೀನೇ ಗಾಯ ಆದವರಂಗ ಮೂಲಿ ಹಿಡಿದ್ರ ಹೆಂಗ? ಮುಂದ ಕುಂದ್ರು. ಕಿವಿ ಇಲ್ಲದವ ಎಲ್ಲೇ ಹೋದ್ರೂ ಮುಂದ ಕುಂದರ್ತಾನ, ನನ್ನ ನೋಡಿಲ್ಲೇನು?

ಅವರಿಗೆ ಪುಸ್ತಕ ಕಲಿಸೇದ. ನನಗ ಯಾರೂ ಕಲಿಸಲಿಲ್ಲ. ಮಷೀನಿಗೆ ಸಿಕ್ಕ ಮುಂಗಲಿ, ಖಣಿ ನೀರಿನಾಗ ಬಿದ್ದ ಆಮಿ, ತಂತಿಗೆ ತಗಲಿ ಬಿದ್ದ ಹದ್ದು, ಒಂದೊಂದೇ ಬಂದು ಕಲಿಸಿ ಹೋದವು. ಅದರಾಗ ಅರ್ಧ ನಿನಗ ಬರ್ತದ. ಚಂಪಿ ಫೋಟೋ ನಿನ್ನ ಹತ್ರ ಅದ ಅಲ್ಲ, ಚಿಗರಿ ಮರಿ ನಮ್ಮ ನಾಯಿ ಮೋತ್ಯಾನ ಹೊಟ್ಟಿ ಮ್ಯಾಲ ತಲಿ ಇಟ್ಟು ಮಲಗಿದ್ದು? ಅದನ್ನ ನಿಮ್ಮ ರಾಧಿಕಾ ಮೇಡಂಗ ತೋರಿಸು. ಅಂಥಾದ್ದು ಯಾವ ಪುಸ್ತಕದಾಗೂ ಇರಂಗಿಲ್ಲ.

ಈಗ ಸುದ್ದಿ. ಸೋಮವಾರ ಬಾಜೂ ಮನಿ ಕಲೀಮ್ ಖಣಿಯಿಂದ ಬರುವಾಗ ಟವೆಲ್ಲಿನಾಗ ಏನೋ ಸುತ್ತಿಕೊಂಡು ಬಂದ. ನನ್ನ ಕಿವಿಗೆ ಬಾಯಿ ಹಚ್ಚಿ, "ಚಾಚಾ, ನಿಮ್ಮ ಮನಿಗೆ ಮೆಹಮಾನ್ ಬಂದಾರ" ಅಂತ ಒದರಿದ. ಬಿಚ್ಚಿದ್ರ ಗೂಗಿ ಮರಿ! ಹತ್ತಿ ಉಂಡಿಗೆ ಎರಡು ಕೇಸರಿ ಕಣ್ಣು ಅಂಟಿಸಿದಂಗ. ಹಳೆ ಖಣಿ ಗ್ವಾಡಿಯ ಅರ್ಧ ಎತ್ತರದಾಗ ಒಂದು ಕಲ್ಲು ಚಾಚಿಕೊಂಡದ ಅಲ್ಲ, ಅದರ ಮ್ಯಾಲ ದೊಡ್ಡ ಗೂಗಿ ಜೋಡಿ ಎರಡು ಮರಿ ಮಾಡ್ಯಾವ. ಮಷೀನಿನ ನಡುಕಕ್ಕೋ ಏನೋ, ಒಂದು ಕೆಳಗ ಬಿದ್ದದ.

ನಿಮ್ಮ ಆಯಿ ಹೊಸ್ತಿಲಕ್ಕ ಅಡ್ಡ ನಿಂತಳು. "ಗೂಗಿ ಒಳಗ ಬಂದ್ರ ನಾ ಹೊರಗ" ಅಂದಳು. "ಬುದ್ಧವಂದನಾ ಮಾಡೋ ಮನಿಯಾಗ ಎಂಥಾ ಶಕುನ ಭಾಗಮ್ಮ? ನಿಮ್ಮಿಬ್ಬರ ಕಣ್ಣೂ ಒಂದೇ ನಮೂನಿ ಅದಾವ, ನೀನೂ ಇರು, ಅದೂ ಇರಲಿ" ಅಂದೆ. ಅವತ್ತಿಂದ ನನ್ನ ಸಂಗಟ ಮಾತು ಬಿಟ್ಟಾಳ. ಕಿವುಡಗ ಅದು ಶಿಕ್ಷಾ ಅಲ್ಲ ಅಂತ ಆಕಿಗೆ ಇನ್ನೂ ತಿಳಿದಿಲ್ಲ.

ಆಡಿನ ಕೊಟ್ಟಿಗಿ ಮೂಲ್ಯಾಗ ಬುಟ್ಟಿ ಇಟ್ಟೀನಿ. ರಾಣಿ ಅಂತ ಹೆಸರಿಟ್ಟೀನಿ. ಅಂಗಡಿಯಿಂದ ಕುರಿಯ ಮೆತ್ತನ್ನ ಖಲೀಜಿ ಮಾಂಸ ತಂದು, ನರ ತೆಗೆದು, ತೊಳೆದು, ಹಲ್ಲಿಲ್ಲದವರಿಗೆ ಹೆಚ್ಚಿದಂಗ ಸಣ್ಣಗ ಹೆಚ್ಚಿ ತಿನ್ನಸ್ತೀನಿ. ಎಲುಬಿನ ಒಂದು ಚೂರು ಹೋಗಗೊಟ್ಟಿಲ್ಲ. ನನ್ನ ಕೆಂಪು ರುಮಾಲು ಕಂಡ್ರ ಸಾಕು, ಬಾಯಿ ತೆರೀತದ. ಬಂದಾಗಿಂದ ಒಂದು ಸಲಾನೂ ಕಾರಿಕೊಂಡಿಲ್ಲ. ಅಂದ್ರ ಹೊಟ್ಟಿಗೆ ಹತ್ತೇದ. ಇದನ್ನೂ ಮೇಡಂಗ ಹೇಳು.

ಮುಂದಿನ ಬೆಂಚಿನ ನಿನ್ನ ಮುತ್ಯಾ,
ಮಾಣಿಕಪ್ಪ


ಪುಣೆ
೧೭ ಫೆಬ್ರವರಿ ೨೦೨೫

ಮುತ್ಯಾ,

ಜೈ ಭೀಮ್. ಕಾಗದ ಇವತ್ತು ಬಂತು. ಓದಿದ ಕೂಡಲೇ ಕಲೀಮ್ ಕಾಕಾಗ ಫೋನ್ ಮಾಡಿದೆ. ಅವರು ನಿನ್ನ ಕಿವಿಯಾಗ ಒದರಿದ್ರಂತ, ನೀ "ಹೂಂ ಹೂಂ" ಅಂತ ನಕ್ಕು ಖಲೀಜಿ ಹೆಚ್ಚಲಿಕ್ಕೆ ಹೋದಿಯಂತ. ಅದಕ್ಕ ಬರೀಲಿಕತ್ತೀನಿ. ಸಿಟ್ಟಾಗಬ್ಯಾಡ.

ಮುತ್ಯಾ, ಗೂಗಿ ಕಾರಬೇಕು. ಅದು ಇಲಿಯನ್ನ ಇಡಿಯಾಗಿ ನುಂಗುವ ಹಕ್ಕಿ. ಮಾಂಸ ಕರಗಿದ ಮ್ಯಾಲ ಉಳಿದ ಎಲುಬು, ಕೂದಲು ಹೊಟ್ಟೆಯಾಗ ಉಂಡಿ ಕಟ್ಟಿ ಬಾಯಿಂದ ಹೊರಗ ಬರ್ತದ. ಇಲ್ಲಿ ಮೊದಲನೇ ವಾರ ನಮಗ ಅದನ್ನೇ ಕಲಿಸಿದ್ರು. ಚಿಮಟಿಗಿಯಿಂದ ಉಂಡಿ ಬಿಡಿಸಿ, ಹಕ್ಕಿ ಏನು ತಿಂದಿತ್ತು ಅಂತ ಹೇಳಬೇಕು. ನಾ ಒಂದರಾಗ ಮೂರು ಇಲಿ ತಲೆಬುರುಡೆ ತೆಗೆದೆ. ಕಾರಿಲ್ಲ ಅಂದ್ರ ಹೊಟ್ಟಿಗೆ ಹತ್ತೇದ ಅಂತಲ್ಲ, ಹೊಟ್ಟಿಗೆ ಬೇಕಾದ್ದು ಹೋಗಿಲ್ಲ ಅಂತ. ಬರೇ ಖಲೀಜಿ ತಿಂದು ಬೆಳೆದ ಮರಿಯ ಕಾಲು ಸೊಟ್ಟಾಗ್ತಾವ. ನೀ ಪ್ರೀತಿಯಿಂದ ತಪ್ಪಿಸಿದ ಎಲುಬಿನಿಂದಲೇ ಅದರ ಎಲುಬು ಬೆಳೀಬೇಕು.

ಬೋನಿನಾಗ ಬಿದ್ದ ಇಲಿ ಕೊಡು. ವಿಷ ಇಟ್ಟು ಕೊಂದ ಇಲಿ ಮಾತ್ರ ಬ್ಯಾಡ, ಮರಿ ಸಾಯ್ತದ. ಕೊಡುವಾಗ ನಿನ್ನ ಮಾರಿ ಕಾಣಬಾರದು. ಆಯಿದು ಹಳೇ ಸೀರಿ ಹೊದ್ದುಕೊಂಡು ಚಿಮಟಾದಿಂದ ಕೊಡು. ಮಾತಾಡಿಸಬ್ಯಾಡ. ಮತ್ತ ಮುತ್ಯಾ, ಹೆಸರಿಡಬ್ಯಾಡ. ಇಲ್ಲಿ ಎಲ್ಲಾ ಪ್ರಾಣಿಗೂ ನಂಬರು. ನನಗೂ ಮೊದಲ ಅದು ಕಲ್ಲು ಮನಸ್ಸಿನವರ ಕೆಲಸ ಅನ್ನಿಸಿತ್ತು. ಆದ್ರ ಮನುಷ್ಯನ ಮಾರಿ ನೋಡಿ ಬಾಯಿ ತೆರೆಯೋ ಗೂಗಿ ದೊಡ್ಡದಾದ ಮ್ಯಾಲೂ ಮನುಷ್ಯನ್ನೇ ಹುಡುಕಿಕೊಂಡು ಬರ್ತದ. ಎಲ್ಲಾ ಮನುಷ್ಯಾರೂ ಮಾಣಿಕಪ್ಪ ಅಲ್ಲ.

ಅರಣ್ಯ ಇಲಾಖೆಗೆ ತಿಳಿಸದೇ ಇಟ್ಟುಕೊಳ್ಳೋದು ಕಾನೂನಿಗೆ ವಿರುದ್ಧ. ಚಿತ್ತಾಪುರ ಕಡೆ ಗಾರ್ಡ್ ರಾಮಲಿಂಗ ಅಂಕಲ್ ಅದಾರಲ್ಲ, ಅವರನ್ನ ಕರಸು. ಇನ್ನೊಂದು ಮರಿ ಆ ಕಲ್ಲಿನ ಮ್ಯಾಲ ಇರೋತನಕ ತಾಯಿ ಅಲ್ಲೇ ಇರ್ತದ. ಇದನ್ನ ಅಲ್ಲಿಗೇ ವಾಪಸ್ ಇಡಬೇಕು. ಮನುಷ್ಯ ಮುಟ್ಟಿದ್ರ ತಾಯಿ ಸೇರಿಸಂಗಿಲ್ಲ ಅಂತ ನೀ ಹೇಳ್ತಿದ್ದಿ ಅಲ್ಲ? ಅದು ಸುಳ್ಳಂತ. ಕೈ ವಾಸನಿಗೆ ತಾಯಿ ಮರಿ ಬಿಡಂಗಿಲ್ಲ. ಮರಿನೇ ತಾಯಿನ್ನ ಮರೀಬಾರದು, ಅಷ್ಟೇ.

ಚಂಪಿ ಫೋಟೋ ತೋರಿಸಿದೆ. ಮೇಡಂ ಭಾಳ ಹೊತ್ತು ನೋಡಿದ್ರು. "ಆಮೇಲೆ ಏನಾಯ್ತು?" ಅಂದ್ರು. ಮುಧೋಳ ಕಡೆ ಹಿಂಡು ಸೇರಿತು ಅಂದೆ. ಅವರು ಮೋತ್ಯಾನ ಮ್ಯಾಲ ಬೆರಳಿಟ್ಟು ನೋಡಿ, ಫೋಟೋ ವಾಪಸ್ ಕೊಟ್ರು.

ಹಿಂಡು ಸೇರಿತ್ತಲ್ಲ, ಮುತ್ಯಾ?

ನಿನ್ನ ಸಂಗೂ


ಶಹಾಬಾದ
೨೧ ಫೆಬ್ರವರಿ ೨೦೨೫

ಸಂಗೂ,

ಸಿಟ್ಟಾಗಬ್ಯಾಡ ಅಂತ ಬರೆದಿದ್ದಿ, ಅದಕ್ಕ ಆಗಲಿಲ್ಲ. ಕಟ್ಟಿ ಮ್ಯಾಲ ಹೋಗಿ ಕುಂತೆ. ಅರವತ್ತೊಂಬತ್ತು ವರ್ಷದವನಿಗೆ, ನಾ ಹೆಗಲ ಮ್ಯಾಲ ಹೊತ್ತು ತಿರುಗಿದ ಹುಡುಗಿ ನೀ ಉಣಸೋದು ತಪ್ಪು ಅಂದ್ರ ಹೆಂಗಾಗ್ತದ, ನೀನೇ ಹೇಳು. ಇದೇ ಕೈಯಾಗ ಎಷ್ಟು ಜೀವ ಉಳದಾವ.

ಆಮ್ಯಾಲ ಎದ್ದು ಹೋಗಿ ಮರಿನ್ನ ಬುಟ್ಟಿಯಿಂದ ತೆಗೆದು ನೆಲದ ಮ್ಯಾಲ ಬಿಟ್ಟು ನೋಡಿದೆ. ಎಡಗಾಲು ಹೊರಗ ಜಾರ್ತದ. ನಾಕು ದಿನದಿಂದ ಹಂಗೇ ಜಾರ್ತಿತ್ತು ಸಂಗೂ. ನಾ ಅದನ್ನ ಕುಣಿತ ಅಂತ ತಿಳಿದು ನಗತಿದ್ದೆ.

ಅವತ್ತೇ ಬೋನು ಇಟ್ಟೆ. ಆಯಿದು ಸೀರಿ ಹೊದ್ದು, ಚಿಮಟಾದಾಗ ಇಲಿ ಹಿಡಿದು ಕೊಟ್ಟಿಗಿಗೆ ಹೊಂಟೆ. ಹತ್ತು ದಿನ ಬಾಯಿ ಬಿಡದಾಕಿ ಅದನ್ನ ನೋಡಿ ನಕ್ಕು ನಕ್ಕು ಕಂಬಕ್ಕ ಆತುಕೊಂಡಳು. "ಮದಿವಿ ದಿನ ನಾನೂ ಇಷ್ಟು ಉದ್ದ ಸೆರಗು ಹೊದ್ದಿರಲಿಲ್ಲರಿ!" ಅಂದಳು. ತುಟಿ ನೋಡಿ ತಿಳಕೊಂಡೆ.

ಮರಿ ಮಾತ್ರ ಇಲಿ ಮುಟ್ಟಲಿಲ್ಲ. ಕೂದಲು ತಾಗಿದ ಕೂಡಲೇ ಮಾರಿ ಹೊಳ್ಳಸ್ತದ. ಎರಡನೇ ದಿನಾನೂ ಹಂಗೇ. ಅದು ಒದರೋದು ನನಗ ಕೇಳಂಗಿಲ್ಲ, ಗಂಟಲು ಕುಣಿಯೋದು ಕಾಣತದ. ಆಯಿಗೆ ಕೇಳತದ. ಶಕುನ, ಶಕುನ ಅಂತಿದ್ದಾಕಿ ಕೊಟ್ಟಿಗಿ ಬಾಗಿಲಕ್ಕ ಬಂದು, "ಎಳೀ ಜೀವ, ಕೊಟ್ಟುಬಿಡ್ರಿ ಅದಕ್ಕೇನು ಬೇಕೋ" ಅಂತ ಕಣ್ಣೀರು ತೆಗೆದಳು. ನಾ ರುಮಾಲು ಸುತ್ತಿಕೊಂಡು ಖಲೀಜಿ ಕೊಟ್ಟೆ. ನಿನ್ನ ಮುಂದ ಮುಚ್ಚಿಡಂಗಿಲ್ಲ.

ರಾಮಲಿಂಗ ಬಂದಿದ್ದ. ಭಾಳ ಒಳ್ಳೆ ಮನುಷ್ಯ, ಕೈಚೀಟಿಯಾಗ ಬರೆದು ತೋರಿಸಿದ. ಕಲ್ಲಿನ ಮ್ಯಾಲಿನ ಮರಿ ಇನ್ನೆರಡು ವಾರದಾಗ ಕುಪ್ಪಳಿಸಿ ಅತ್ತಿತ್ತ ಹೋಗ್ತದ. ಅಷ್ಟರೊಳಗ ಇದು ಇಡೀ ಇಲಿ ತಿನ್ನಲಿಕ್ಕೆ ಕಲಿತು, ಮನುಷ್ಯಾನ್ನ ನೋಡಿ ಬಾಯಿ ತೆರೆಯೋದು ಬಿಟ್ರ ತಾಯಿ ಹತ್ರ ಇಡೋಣ. ಇಲ್ಲಂದ್ರ ದೊಡ್ಡ ಊರಿನ ಪಂಜರ, ಜೀವ ಇರೋತನಕ. ಕೊನೀ ಸಾಲಿಗೆ ಅಡಿಗೆರಿ ಹಾಕಿದ್ದ.

ಇಷ್ಟೇ ಬರೀತೀನಿ. ಆಡಿಗೆ ಮೇವು ಹಾಕಬೇಕು.

ಮುತ್ಯಾ


ಪುಣೆ
೨೫ ಫೆಬ್ರವರಿ ೨೦೨೫

ಮುತ್ಯಾ,

ನೀ ಖಲೀಜಿ ಕೊಟ್ಟಿದ್ದು ಓದಿ ನನಗೂ ಅಳು ಬಂತು, ನಗೂನೂ ಬಂತು. ಇಲ್ಲಿ ಬಂದ ಎರಡನೇ ವಾರ ನಾನೂ ಒಂದು ಅಳಿಲು ಮರಿಗೆ ಯಾರೂ ನೋಡದಾಗ ಮುತ್ತು ಕೊಟ್ಟು ಬೈಸಿಕೊಂಡೀನಿ.

ಒಂದು ಹಿಕಮತ್ತು ಕಲಿಸ್ಯಾರ. ಇಲಿ ಹೊಟ್ಟೆ ಸೀಳಿ, ಒಳಗಿನ ಕೆಂಪು ಕಾಣೋ ಹಂಗ ಮಾಡು. ಕೆಂಪು ಭಾಗ ಅದರ ಬಾಯಿಗೆ ತಾಗಲಿ. ಗುರುತಿನ ರುಚಿ ಸಿಕ್ರ ಕೂದಲಿನ ಸಮೇತ ನುಂಗತದ. ಮತ್ತ ಆ ಕೆಂಪು ರುಮಾಲು ಗಂಟು ಕಟ್ಟಿ ಸಂದೂಕಿನಾಗ ಇಡು. ಅದಕ್ಕ ನೀ ಅಂದ್ರ ಆ ರುಮಾಲೇ.

ಇಲ್ಲೊಂದು ಹದ್ದು ಅದ. ಒಂದು ಮನಿಯವರು ಮಗುವಿನಂಗ ಸಾಕಿದ್ರಂತ. ಹನ್ನೆರಡು ವರ್ಷದಿಂದ ಪಂಜರದಾಗ ಅದ. ರೆಕ್ಕೆಗೆ ಏನೂ ಆಗಿಲ್ಲ. ಬಾಗಿಲು ತೆರೆದಿಟ್ರೂ ಹೊರಗ ಹೋಗಂಗಿಲ್ಲ, ಯಾರಾದರೂ ಸಿಳ್ಳೆ ಹಾಕಿದ್ರ ಕೆಳಗ ಇಳಿದು ಬಂದು ನಿಂದರ್ತದ. ನಾ ಅದರ ಪಂಜರ ತೊಳೆಯೋ ದಿನ ಸಿಳ್ಳೆ ಹಾಕಂಗಿಲ್ಲ.

ನಿನ್ನ ಮರಿಗೆ ಇನ್ನೂ ಹೊತ್ತು ಅದ. ನೀ ಮಾಡ್ತಿ.

ನಾ ಈಗ ಮುಂದಿನ ಬೆಂಚಿನಾಗ ಕುಂದರ್ತೀನಿ. ತಿಳೀಲಿಲ್ಲ ಅಂದ್ರ ಕೈ ಎತ್ತತೀನಿ.

ಸಂಗೂ


ಶಹಾಬಾದ
೭ ಮಾರ್ಚ್ ೨೦೨೫

ನನ್ನವ್ವ ಸಂಗೂ,

ರುಮಾಲು ಸಂದೂಕಿನಾಗ ಅದ. ಬರೇ ತಲಿಯಾಗ ತಿರುಗೋದು ನೋಡಿ ಓಣಿ ಮಂದಿ ಯಾರು ತೀರಿಕೊಂಡ್ರು ಅಂತ ಕೇಳಲಿಕತ್ತಾರ.

ನಿನ್ನ ಹಿಕಮತ್ತು ನಡೀತು. ಮೊದಲ ಕೆಂಪು ನೆಕ್ಕಿತು, ಆಮ್ಯಾಲ ಒಂದೇ ಸಲ ಬಾಲದ ತನಕ ಗುಳುಂ. ಸೀರಿ ಒಳಗ ನಾ ಚಪ್ಪಾಳಿ ತಟ್ಟಲಿಕ್ಕೆ ಹೋಗಿ ಕೈ ಹಿಂದ ಕಟ್ಟಿಕೊಂಡೆ. ದಿನಾ ಮುಂಜಾನೆ ಬುಟ್ಟಿಯಾಗ ಉಂಡಿ ಹುಡುಕಿದೆ. ಸಿಗಲಿಲ್ಲ. ಮರಿ ಇನ್ನೂ ಎಳೀದು ಇರಬಹುದು ಅಂತ ರಾಮಲಿಂಗ ಕರಕೊಂಡು ಬಂದ ದನದ ಡಾಕ್ಟರ್ ಅಂದ್ರು. ಕಾಲು ಮುಟ್ಟಿ ನೋಡಿ, "ಜಲ್ದಿ ತಿಳೀತು, ಗಟ್ಟಿಯಾಗ್ತದ. ಇನ್ನ ಅವ್ವನೇ ತಿನ್ನಿಸಲಿ" ಅಂದ್ರು. ಅವರಿಬ್ಬರನ್ನ ನೋಡಿ ಮರಿ ಬಾಯಿ ತೆರೀಲಿಲ್ಲ, ಹಿಂದ ಸರೀತು. ತಡಾ ಮಾಡಿದ್ರ ಇನ್ನೊಂದು ಮರಿ ಕಲ್ಲು ಬಿಡ್ತದ ಅಂತ ಮಂಗಳವಾರ ಹೊತ್ತು ಮುಳುಗೋದರೊಳಗ ಇಡೋದು ಅಂತಾತು.

ಕಲೀಮ್ ಹಗ್ಗ ಕಟ್ಟಿಕೊಂಡು ಗ್ವಾಡಿಗುಂಟ ಇಳಿದ. ರಾಮಲಿಂಗ ದುರ್ಬೀನು ಹಿಡಿದು ದೂರ ಕುಂತ. ನನಗ ಬರಬ್ಯಾಡ ಅಂದ್ರು. ನನ್ನ ನಡಿಗಿ ಅದಕ್ಕ ಗುರುತು, ನನ್ನ ಕಂಡು ಒದರಿದ್ರ ಎಲ್ಲಾ ಕೆಡ್ತದ ಅಂತ. ನಾ ಮನಿ ಕಟ್ಟಿ ಮ್ಯಾಲ ಖಣಿಗೆ ಬೆನ್ನು ಮಾಡಿ ಕುಂತೆ. ಆಯಿ ಮಾಳಿಗಿ ಹತ್ತಿ ನಿಂತಳು. ಕಿವಿ ಇಲ್ಲ, ಕಣ್ಣೂ ಅತ್ತ ಹೊಳ್ಳಿಸಂಗಿಲ್ಲ. ಅಂಥಾ ಹೊತ್ತು ನಾ ಕಳೆದಿಲ್ಲ ಸಂಗೂ.

ಎಷ್ಟು ಹೊತ್ತಾತೋ. ಹೆಗಲ ಮ್ಯಾಲ ಕೈ ಬಿತ್ತು. ಹೊಳ್ಳಿ ನೋಡಿದೆ. ಆಯಿ ಎರಡೂ ಕೈ ಅಗಲ ಮಾಡಿ ಮ್ಯಾಲ ಕೆಳಗ ಬೀಸಿ ತೋರಿಸಿದಳು. ಅವ್ವ ಬಂತು. ಆಮ್ಯಾಲ ಐದೂ ಬೆರಳು ಕೂಡಿಸಿ ಬಾಯಿ ಹತ್ರ ಒಯ್ದಳು. ತಿನ್ನಿಸಿತು. ಈ ಮನಿಗೆ ಗೂಗಿ ಬ್ಯಾಡ ಅಂದಾಕಿ ಅಂಗಳದಾಗ ನಿಂತು ಗೂಗಿ ಆಗಿದ್ದಳು. ಕಲೀಮ್ ಈಗ ಗೂಗಿ ಇರೋ ಮೂಲಿ ಬಿಟ್ಟು ಖಣಿ ಆಚೆ ಮೂಲಿ ಕೊಯ್ಯಲಿಕತ್ತಾನ. "ಎರಡೂ ಕಡೆ ಕಲ್ಲೇ ಅದ ಚಾಚಾ" ಅಂದ.

ಈಗ ನೀ ಕೇಳಿದ್ದು. ಒಂದೇ ಸಲ ಕೇಳಿದ್ದಿ, ಮತ್ತ ಕೇಳಲಿಲ್ಲ.

ಚಂಪಿನ್ನ ಮುಧೋಳದ ಆಚೆ ಹಿಂಡು ಮೇಯೋ ಹೊಲದಾಗ ಬಿಟ್ಟು ಬಂದಾಗ ನಿನಗ ಒಂಬತ್ತು ವರ್ಷ. ನಾಕನೇ ದಿನ ನಿಮ್ಮ ಆಯಿ ತಮ್ಮ ದೇವಿಂದ್ರ ಬಂದು ಹೇಳಿದ. ಹೊಲದಾಗ ಮೂರು ನಾಯಿ ನುಗ್ಗಿದವು. ಹಿಂಡೆಲ್ಲಾ ಹಾರಿ ಹೋತು. ಚಂಪಿ ಒಂದೇ ನಿಂತಿತು. ನಿಂತಿದ್ದಷ್ಟೇ ಅಲ್ಲ, ನಾಯಿ ಕಡೆ ತಾನೇ ನಡಕೋತ ಹೋತಂತ. ಬಾಲ ಅಲ್ಲಾಡಿಸಿಕೋತ.

ನೀ ಸಾಲಿಯಿಂದ ಬಂದು ಕೇಳಿದಿ. ಹಿಂಡು ಸೇರಿತು ಅಂದೆ. ಆಮ್ಯಾಲ ನೂರು ಸಲ ಅದನ್ನೇ ಹೇಳಿದೆ. ಇಷ್ಟು ವರ್ಷ ನಾ ಅದನ್ನ ಚಂಪಿ ನಸೀಬು ಅಂದುಕೊಂಡಿದ್ದೆ. ನಿನ್ನ ಕಾಗದ ಓದಿದ ಮ್ಯಾಲ ಹಂಗನ್ನಲಿಕ್ಕೆ ಬಾಯಿ ಬರವಲ್ದು. ನಾಯಿ ಅಂದ್ರ ಅವ್ವ ಅಂತ ಅದಕ್ಕ ಕಲಿಸಿದವ ನಾನೇ. ಓಣಿ ಮಂದಿನೆಲ್ಲಾ ಕರೆದು ತೋರಿಸಿದವನೂ ನಾನೇ.

ನೀ ಆ ಫೋಟೋ ಹರಿದು ಒಗಿ.

ಮಾಣಿಕಪ್ಪ


ಪುಣೆ
೧೩ ಮಾರ್ಚ್ ೨೦೨೫

ನನ್ನ ಮುತ್ಯಾ,

ಫೋಟೋ ಹರಿಯಂಗಿಲ್ಲ.

ಮೇಡಂ ಮೋತ್ಯಾನ ಮ್ಯಾಲ ಬೆರಳಿಟ್ಟ ದಿನವೇ ನನಗ ತಿಳೀತು. ಆದ್ರೂ ನಿನ್ನ ಕೇಳದೇ ಇರಲಿಕ್ಕೆ ಆಗಲಿಲ್ಲ. ಕೇಳಿ ಕಾಗದ ಡಬ್ಬಿಗೆ ಹಾಕಿದ ಮ್ಯಾಲ, ಇದಕ್ಕ ನೀ ಉತ್ತರ ಬರೀದೇ ಇರಲಿ ಅಂತ ಬೇಡಿಕೊಂಡೆ. ನೀ ಬರೆದಿ. ಒಂಬತ್ತು ವರ್ಷದ ಹುಡುಗಿಗೆ ನೀ ಹೇಳಿದ ಸುಳ್ಳು ಇಲ್ಲದಿದ್ರ ನಾ ಮತ್ತೊಂದು ಪ್ರಾಣಿ ಮುಟ್ಟತಿರಲಿಲ್ಲ, ಇಲ್ಲಿತನಕ ಬರ್ತಿರಲೂ ಇಲ್ಲ. ಅದರ ಬಗ್ಗೆ ಇಷ್ಟೇ.

ಪ್ರತಿ ವರ್ಷ ಹೊಸದಾಗಿ ಬಂದವರಿಗೆ ಮೊದಲನೇ ಪಾಠಕ್ಕ ಆ ಫೋಟೋ ತೋರಿಸಲೇನು ಅಂತ ಮೇಡಂ ಕೇಳ್ಯಾರ. ನೀ ಒಪ್ಪಿದ್ರ ಮಾತ್ರ. ನಮ್ಮ ಕೇಂದ್ರದ ಇಬ್ಬರು ಚಿಂಚೋಳಿ ಬಾಜೂಕ ಚಂದಾಪುರಕ್ಕ ಬರ್ತಾರ, ಮೇ ತಿಂಗಳಾಗ ಎರಡು ದಿನದ ತರಬೇತಿ. ಕಾಡು ಕಾಯೋರು, ಕುರಿ ಕಾಯೋರು, ಖಣಿ ಕೆಲಸದವರು, ಯಾರು ಬೇಕಾದ್ರೂ ಬರಬಹುದು. ಕಲೀಮ್ ಕಾಕಾನ ಕರಕೊಂಡು ಹೋಗು.

ಇನ್ನೊಂದು. ಜೂನಿಗೆ ನನ್ನ ತರಬೇತಿ ಮುಗೀತದ. ಬೇಟೆ ಹಕ್ಕಿಗಳದೇ ಮತ್ತ ಮೂರು ತಿಂಗಳ ತರಬೇತಿ ಅದ, ಇಬ್ಬರಿಗೆ ಮಾತ್ರ ಜಾಗ. ಒಂದು ನನಗ ಕೊಡ್ತೀವಿ ಅಂದಾರ. ಆಯಿ ಜೂನಿನ ದಿನ ಎಣಿಸಲಿಕತ್ತಾಳ, ಗೊತ್ತು. ನೀ ಬಾ ಅಂದ್ರ ಬರ್ತೀನಿ.

ನಿನ್ನ ಕೈಯಾಗ ಬೆಳೆದ
ಸಂಗೂ


ಶಹಾಬಾದ
೬ ಜೂನ್ ೨೦೨೫

ಸಂಗೂ,

ನಡುವ ನೀ ಬರೆದ ಕಾಗದಕ್ಕೆಲ್ಲಾ ಆಯಿ ಫೋನಿನಾಗೇ ಉತ್ತರ ಕೊಟ್ಟಳು. ನಾ ಬಾ ಅಂತ ಒಂದು, ಬ್ಯಾಡ ಅಂತ ಒಂದು ಬರೆದೆ, ಎರಡೂ ಹರಿದು ಒಗದೆ.

ಚಂದಾಪುರಕ್ಕ ಹೋಗಿದ್ವಿ. ನಾ ಮುಂದಿನ ಬೆಂಚು. ನಿಮ್ಮವರಿಬ್ಬರೂ ಎಳೀ ವಯಸ್ಸಿನವರು, ನನ್ನ ಸಲುವಾಗಿ ಎಲ್ಲಾ ದೊಡ್ಡಕ್ಷರದಾಗ ಬರೆದು ತೋರಿಸಿದ್ರು. ಮೊದಲನೇ ದಿನ ಬರೇ ಕಣ್ಣಿಂದ ಕೇಳಿದೆ. ಎರಡನೇ ದಿನ ಒಬ್ಬ ಕುರುಬರ ಹುಡುಗಿ ಎದ್ದು, ನಮ್ಮ ಹಟ್ಟಿಯಾಗ ಚಿಗರಿ ಮರಿ ಕುರಿನಾಯಿ ಸಂಗಟ ಆಡಿಕೊಂಡು ಅದ, ಭಾಳ ಚಂದ ಕಾಣತದ ಅಂದಳು. ಬಾಜೂಕ ಕುಂತ ಕಲೀಮ್ ಅದನ್ನ ಚೀಟಿ ಮ್ಯಾಲ ಬರೆದು ನನಗ ತೋರಿಸಿದ. ನಾ ಕೈ ಎತ್ತಿದೆ. ಎದ್ದು ನಿಂತು ಚಂಪಿದು ಎಲ್ಲಾ ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೋ ತಿಳೀದು, ನನ್ನ ದನಿ ನನಗ ಕೇಳಂಗಿಲ್ಲ. ಹೊರಗ ಚಹಾ ಮಾಡೋವನೂ ಬಂದು ಬಾಗಿಲದಾಗ ನಿಂತಿದ್ದ. ಆ ಹುಡುಗಿ ಮರುದಿನವೇ ಮರಿನ್ನ ನಾಯಿಯಿಂದ ಬ್ಯಾರೆ ಇಟ್ಟು ರಾಮಲಿಂಗನ್ನ ಕರೆಸ್ಯಾಳ. ನಿಮ್ಮ ಮೇಡಂಗ ಹೇಳು, ಫೋಟೋ ತೋರಿಸಲಿ. ಕೆಳಗ ನನ್ನ ಹೆಸರೂ ಬರೀಲಿ.

ಮರಿ ಬಿಟ್ಟು ಮೂರು ತಿಂಗಳಾತು. ಹಳೆ ಖಣಿ ಕಡೆ ನಾ ಒಂದು ಹೆಜ್ಜಿನೂ ಹೋಗಿಲ್ಲ. ಮುಂಜಾನೆ ಅಡ್ಡಾಡಲಿಕ್ಕೆ ಸುತ್ತು ಹಾಕಿ ಸ್ಟೇಷನ್ ರಸ್ತಾಕ್ಕ ಹೋಗ್ತೀನಿ. ಏಪ್ರಿಲಿನಾಗ ಕಲ್ಲಿನ ಮ್ಯಾಲ ಯಾರೂ ಇಲ್ಲ ಅಂತ ಕಲೀಮ್ ಅಂದ. ಹಾರಿದವೋ, ಬಿದ್ದವೋ, ಒಂದೇ ಹಾರಿತೋ, ಯಾರಿಗೂ ತಿಳೀಲಿಲ್ಲ. ನನ್ನ ಮರಿ ಎಡಗಾಲಿನ ಮ್ಯಾಲ ನಿಂತೀತೇನು ಅಂತ ದಿನಾ ಅನ್ನಿಸ್ತಿತ್ತು. ಹುಡುಕಲಿಕ್ಕೆ ಹೋಗಲಿಲ್ಲ.

ನಿನ್ನೆ ಮುಂಜಾನೆ ನಿಮ್ಮ ಆಯಿ ಚಹಾ ಕಪ್ಪು ಕುಕ್ಕಿದಳು. ಕಣ್ಣು ಕೆಂಪಾಗಿದ್ದವು. ಏನಾತು ಅಂದೆ. ಕೈ ಬೀಸಿ, ಬಾಯಿ ಅಗಲ ಮಾಡಿ, ನನಗ ತಿಳಿಯೋ ಹಂಗ ಬೈದಳು: "ನಿಮಗೇನ್ರಿ, ಕಿವುಡರು, ಆರಾಮ ಮಲಗ್ತೀರಿ! ಎಂಟು ದಿನ ಆತು, ನಿಮ್ಮ ಗೂಗಿಗಳು ನನಗ ಕಣ್ಣು ಮುಚ್ಚಗೊಡವಲ್ವು. ಅವ್ವ, ಅಪ್ಪ ಹೂಂ ಹೂಂ ಅಂತಾವ, ಎರಡು ಮರಿ ಕೀಂ ಕೀಂ ಅಂತ ಒದರತಾವ. ಒಂದು ಬೇವಿನ ಗಿಡದಾಗ, ಇನ್ನೊಂದು ನಮ್ಮ ಮಾಳಿಗಿ ಆಚೆ!"

"ಎರಡಾ?" ಅಂದೆ.

"ಎರಡು."

"ಖರೆ ಎರಡಾ ಭಾಗಮ್ಮ?"

ಮಾರಿಗೆ ಎರಡು ಬೆರಳು ಹಿಡಿದಳು. ಇನ್ನಷ್ಟು ಬೈ ಅಂದೆ. ಆಕಿ ಬೈಯಲಿಲ್ಲ, ಬಾಜೂಕ ಕುಂತಳು. ಎಂಟು ದಿನದಿಂದ ಹೇಳಿರಲಿಲ್ಲ ಯಾಕಂದ್ರ, ಹೇಳಿದ್ರ ನಾ ನೋಡಲಿಕ್ಕೆ ಓಡ್ತೀನಿ ಅಂತ.

ನಾ ಹೋಗಲಿಲ್ಲ. ಕಲೀಮಗ ಬೇವಿನ ಗಿಡದ ಬುಡದಾಗ ನೋಡಿಕೊಂಡು ಬಾ ಅಂದೆ. ಅವ ತಂದ ಉಂಡಿನ್ನ ಸಾಬೂನಿನ ಡಬ್ಬಿಯಾಗ ಇಟ್ಟು ಈ ಕಾಗದದ ಸಂಗಟ ಪಾರ್ಸಲ್ ಮಾಡೀನಿ. ನಾ ಬಿಡಿಸಿಲ್ಲ, ನೀ ಚಿಮಟಿಗಿಯಿಂದ ಬಿಡಿಸು. ಹೊರಗಿಂದನೇ ಒಂದು ಸಣ್ಣ ದವಡಿ ಎಲುಬು ಕಾಣತದ. ಕೂದಲು ಭಾಳ ಅದ.

ನೀ ಇನ್ನೂ ಮೂರು ತಿಂಗಳು ಅಲ್ಲೇ ಇರ್ತಿ ಅಂತ ಆಯಿಗೆ ನಾ ಹೇಳೀನಿ. ಅತ್ತಳು, ಆಮ್ಯಾಲ ನಿನ್ನ ಸಲುವಾಗಿ ಮಾಡಿಟ್ಟ ಶೇಂಗಾ ಹೋಳಿಗಿನೂ ಅದೇ ಪಾರ್ಸಲಿನಾಗ ಕಟ್ಟಿದಳು. ಎರಡೂ ಡಬ್ಬಿ ಬ್ಯಾರೆ ಬ್ಯಾರೆ ಅದಾವ, ನೋಡಿ ಬಾಯಿಗೆ ಹಾಕ್ಕೋ. ಮೂರು ತಿಂಗಳು ಕಲ್ತುಕೊಂಡು ಬಾ. ಮುಗಿದ ಮ್ಯಾಲ ಬಾ, ಅದಕ್ಕಿಂತ ಮೊದಲ ಬ್ಯಾಡ.

ಸಾಬೂನಿನ ಡಬ್ಬಿ ನಿಮ್ಮ ಮೇಡಂಗ ಕೊಡು. ಪಾಠದ ದಿನ ಚಂಪಿ ಫೋಟೋ ಬಾಜೂಕ ಇಡಲಿ. ಯಾವ ಗೂಗಿದು ಅಂತ ಕೇಳಿದ್ರ, ಹೆಸರಿಲ್ಲ ಅಂತ ಹೇಳು.

ಮುತ್ಯಾ